ಅಂಗೈಯಗಲದ ಪತ್ರಿಕೆ

ಕಳೆದ ಆಷಾಢದಲ್ಲಿ, ಮಳೆ ಹಿಡಿದು ಮೂರು ದಿನವಾಗಿದ್ದ ಒಂದು ಮುಂಜಾನೆ, ನಮ್ಮ ನೆರೆಮನೆಯಲ್ಲಿ ಒಂದು ಸಣ್ಣ ಪ್ರಕರಣ ನಡೆಯಿತು. ನಮ್ಮದು ಮಲೆನಾಡಿನ ಊರು. ಜುಲೈ ತಿಂಗಳು ಬಂತೆಂದರೆ ಮಕ್ಕಳಿರುವ ಮನೆಗಳಲ್ಲೆಲ್ಲ ಬೆಳಗಿನ ಮೊದಲ ಪ್ರಶ್ನೆ ಒಂದೇ: ಇಂದು ಶಾಲೆಯುಂಟೋ, ಇಲ್ಲವೋ? ಜಿಲ್ಲಾಧಿಕಾರಿಗಳು ರಜೆ ಸಾರಿದರೆ ಆ ವರ್ತಮಾನ ಈಗ ಮೊದಲು ಬರುವುದು ಮೊಬೈಲ್ ಫೋನಿಗೆ. ಅಂದು ಆರೂವರೆ ಗಂಟೆಗೆ ಆ ಮನೆಯ ಗೃಹಿಣಿಯ ಫೋನು ಟಿಣ್ಣೆಂದಿತು. ಒಲೆಯ ಮೇಲೆ ಹಾಲಿತ್ತು, ಕೈಗೆ ದೋಸೆಯ ಹಿಟ್ಟು ಮೆತ್ತಿತ್ತು. ಆಕೆ ಫೋನನ್ನು ಮುಟ್ಟದೆಯೇ, ಪರದೆಯ ಮೇಲೆ ಮೂಡಿದ ಒಂದೂವರೆ ಸಾಲನ್ನು ಗಟ್ಟಿಯಾಗಿ ಓದಿದರು:

“ಮಳೆ: ಜಿಲ್ಲೆಯ ಎಲ್ಲ ಶಾಲೆ, ಕಾಲೇಜುಗಳಿಗೆ ಇಂದು ರಜೆ ಘೋಷಿಸಿ ಜಿಲ್ಲಾಧಿಕಾರಿ…”

ಮುಂದೆ ಮೂರು ಚುಕ್ಕೆಗಳಿದ್ದವು. ಏಳನೆಯ ತರಗತಿಯ ಹುಡುಗಿ ಮರಳಿ ಕಂಬಳಿಯೊಳಕ್ಕೆ ಸೇರಿಕೊಂಡಳು. ಒಂಬತ್ತು ಗಂಟೆಯ ಸುಮಾರಿಗೆ ತಂದೆ ಆ ಸುದ್ದಿಯನ್ನು ತೆರೆದು ನೋಡಿದಾಗ ಚುಕ್ಕೆಗಳ ಹಿಂದೆ ಅಡಗಿದ್ದ ಉಳಿದರ್ಧ ಹೊರಬಿತ್ತು: “…ಆದೇಶ ಹೊರಡಿಸಿಲ್ಲ; ಹರಿದಾಡುತ್ತಿರುವ ಪತ್ರ ನಕಲಿ.” ಅಂದು ಶಾಲೆಯಲ್ಲಿ ಗಣಿತದ ಪರೀಕ್ಷೆಯಿತ್ತು. “ನೀನೇ ಓದಿದೆಯಲ್ಲಮ್ಮ!” ಎಂದು ಹುಡುಗಿ ಅತ್ತದ್ದು ನಮ್ಮ ಮನೆಗೂ ಕೇಳಿಸಿತು.

ತಪ್ಪು ಯಾರದು? ತಾಯಿ ತನಗೆ ಕಾಣಿಸಿದ್ದನ್ನು ಒಂದಕ್ಷರ ತಪ್ಪದೆ ಓದಿದ್ದರು. ಪತ್ರಿಕೆಯ ಕಚೇರಿಯಲ್ಲಿ ಉಪಸಂಪಾದಕರು ಬರೆದ ವಾಕ್ಯದಲ್ಲಿ ಸುಳ್ಳಿರಲಿಲ್ಲ. ಫೋನು ತನ್ನ ಪರದೆಯಲ್ಲಿ ಹಿಡಿಸುವಷ್ಟನ್ನು ತೋರಿಸಿ, ಉಳಿದದ್ದುಂಟು ಎಂಬುದಕ್ಕೆ ಚುಕ್ಕೆಗಳನ್ನೂ ಇಟ್ಟಿತ್ತು. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿ, ಒಟ್ಟಿನಲ್ಲಿ ಒಂದು ಸುಳ್ಳನ್ನು ಸೃಷ್ಟಿಸಿದ್ದರು. ಮೊಬೈಲಿನ ಓದುಗರಿಗಾಗಿ ಸುದ್ದಿಯನ್ನು ಅಣಿಗೊಳಿಸುವುದೆಂದರೆ ಬಣ್ಣ, ಚಿತ್ರ, ಅಲಂಕಾರಗಳ ವಿಚಾರವೆಂದು ನಾನೂ ಬಹಳ ಕಾಲ ತಿಳಿದಿದ್ದೆ. ಅದು ಮೊದಲಿಗೆ ವ್ಯಾಕರಣದ ವಿಚಾರವೆಂದು ಅರಿವಾದದ್ದು ಆ ದಿನ.

ಮುದ್ರಿತ ಪತ್ರಿಕೆಯ ಮುಖಪುಟವನ್ನು ಒಮ್ಮೆ ಹರಡಿ ನೋಡಿ. ಅಲ್ಲಿ ತಲೆಬರಹದ ಗಾತ್ರವೇ ಒಂದು ಅಭಿಪ್ರಾಯ. ಎಂಟು ಕಾಲಂ ಅಗಲಕ್ಕೆ ಹರಡಿದ್ದರೆ ನಾಡೇ ನಡುಗುವ ಸುದ್ದಿ; ಮೂಲೆಯ ಒಂದು ಕಾಲಮ್ಮಿನಲ್ಲಿದ್ದರೆ ಪುರುಸೊತ್ತಾದಾಗ ಓದತಕ್ಕದ್ದು. ಅಕ್ಷರ ಬಾರದವರೂ ಪುಟವನ್ನು ದೂರದಿಂದ ಕಂಡು “ಏನೋ ದೊಡ್ಡದಾಗಿದೆ” ಎನ್ನಬಲ್ಲರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದಂದಿನಿಂದ ಕನ್ನಡ ಪತ್ರಿಕೆಯ ಉದ್ದಗಲಗಳನ್ನು ನಿರ್ಧರಿಸುತ್ತ ಬಂದವರು ಪತ್ರಿಕೆಯವರು. ಯಾವ ಸಾಲು ಎಲ್ಲಿ ಮುರಿಯಬೇಕು, ಯಾವ ಸುದ್ದಿಯ ಪಕ್ಕದಲ್ಲಿ ಯಾವುದು ಕೂಡಬೇಕು ಎಂಬುದೆಲ್ಲ ಅವರ ಕೈಯಲ್ಲಿತ್ತು. ಒಮ್ಮೆ ಅಚ್ಚಾದ ಮೇಲೆ ಬೀದರದ ಓದುಗನಿಗೂ ಚಾಮರಾಜನಗರದ ಓದುಗನಿಗೂ ಕಾಣುವುದು ಒಂದೇ ಸಾಲು.

ಫೋನಿನಲ್ಲಿ ಈ ಅಧಿಕಾರ ಕೈತಪ್ಪಿತು. ಪರದೆಯ ಅಗಲ ಪತ್ರಿಕೆಯ ಎರಡು ಕಾಲಮ್ಮಿನಷ್ಟೂ ಇಲ್ಲ. ಅಗಲವನ್ನು ನಿರ್ಧರಿಸುವವನು ಫೋನು ಕೊಂಡ ಗಿರಾಕಿ. ಅಕ್ಷರದ ಗಾತ್ರವನ್ನು ನಿರ್ಧರಿಸುವುದು ಅವನ ಕಣ್ಣು. ಒಂದೇ ತಲೆಬರಹ ಮಗನ ಫೋನಿನಲ್ಲಿ ಪೂರ್ತಿಯಾಗಿ ಕಂಡು, ತಂದೆಯ ಫೋನಿನಲ್ಲಿ ಮುಕ್ಕಾಲಾಗಿ, ಅಜ್ಜಿಯ ಫೋನಿನಲ್ಲಿ ಅರ್ಧವಾಗುತ್ತದೆ. ಸುದ್ದಿಗಳ ತಾರತಮ್ಯವೂ ಅಳಿಸಿಹೋಗಿದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋಯಿತೆಂಬ ವಾರ್ತೆಯೂ, ಯಾವಳೋ ನಟಿ ಉಟ್ಟ ಸೀರೆಯ ಬೆಲೆಯೂ ಫೋನಿನ ಬಾಗಿಲಿಗೆ ಬಂದು ನಿಲ್ಲುವುದು ಒಂದೇ ಅಳತೆಯ ಪೆಟ್ಟಿಗೆಯಲ್ಲಿ, ಒಂದೇ ಟಿಣ್ ಎಂಬ ಸದ್ದಿನೊಡನೆ. ನದಿಯ ಕೆಳಗಣ ಊರಿನವರಿಗೆ ಇವೆರಡರ ಅಂತರ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ.

ಈಗ ವ್ಯಾಕರಣಕ್ಕೆ ಬರೋಣ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕಡೆಯಲ್ಲಿ ಬರುತ್ತದೆ. ‘ಇಲ್ಲ’, ‘ಅಲ್ಲ’, ‘ಬಾರದು’, ‘ಕೂಡದು’ ಎಂಬ ನಿಷೇಧಗಳೂ ಅಲ್ಲಿಯೇ. ‘ಎಂಬ ವದಂತಿ’, ‘ಎಂದು ಆರೋಪ’, ‘ಎಂಬುದು ಸುಳ್ಳು’ ಎಂದು ಮಾತಿನ ಹೊಣೆಯನ್ನು ಮತ್ತೊಬ್ಬರ ತಲೆಗೆ ಕಟ್ಟುವ ಶಬ್ದಗಳೂ ಬಾಲದಲ್ಲಿಯೇ ಇರುತ್ತವೆ. ನಾವು ಎದುರು ಕುಳಿತು ಮಾತನಾಡುವಾಗ ಇದರಿಂದ ತೊಂದರೆಯಿಲ್ಲ. ಕೇಳುವವನು ಕಡೆಯವರೆಗೆ ಕಾಯುತ್ತಾನೆ. ಇಂಗ್ಲಿಷಿನಲ್ಲಿ ‘ನೋ’, ‘ನಾಟ್’ ಎಂಬ ಶಬ್ದಗಳು ಬಹುಮಟ್ಟಿಗೆ ವಾಕ್ಯದ ಮೊದಲರ್ಧದಲ್ಲಿಯೇ ಬಂದು ಕುಳಿತಿರುತ್ತವೆ. ಫೋನಿನ ತಂತ್ರಾಂಶವನ್ನು ಮೊದಲು ರಚಿಸಿದವರು ಅಂಥ ಭಾಷೆಯನ್ನಾಡುವ ಜನ. ಜಾಗ ಸಾಲದಿದ್ದರೆ ಬಾಲವನ್ನು ಕತ್ತರಿಸಿದರಾಯಿತು ಎಂಬ ನಿಯಮ ಅವರಿಗೆ ಸಹಜವಾಗಿಯೇ ತೋರಿರಬೇಕು. ನಮ್ಮ ಭಾಷೆಯಲ್ಲಿಯಾದರೋ ಸತ್ಯವಿರುವುದೇ ಬಾಲದಲ್ಲಿ! “ಗುತ್ತಿಗೆದಾರರಿಂದ ಸಚಿವರು ಲಂಚ ಪಡೆದಿದ್ದಾರೆ ಎಂದು ವಿರೋಧ ಪಕ್ಷದ ಆರೋಪ” ಎಂಬುದು ಒಂದು ವಾರ್ತೆ. “ಗುತ್ತಿಗೆದಾರರಿಂದ ಸಚಿವರು ಲಂಚ ಪಡೆದಿದ್ದಾರೆ…” ಎಂಬುದು ಒಂದು ತೀರ್ಪು. ನಡುವೆ ಇರುವುದು ಮೂರು ಚುಕ್ಕೆ ಮಾತ್ರ.

ಇದು ಪರೀಕ್ಷೆ ತಪ್ಪಿಸಿಕೊಂಡ ಹುಡುಗಿಯ ಅಳುವಿಗಷ್ಟೇ ಮುಗಿಯುವ ವಿಷಯವೂ ಅಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಫೋನಿನಿಂದ ಫೋನಿಗೆ ಹರಿದು ನಮ್ಮ ನಾಡಿನಲ್ಲಿಯೇ ಜೀವಗಳನ್ನು ಬಲಿ ತೆಗೆದುಕೊಂಡಿತು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನು ಜನರ ಗುಂಪು ಹೊಡೆದು ಕೊಂದಿತು. ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೆಟ್ ಕೊಟ್ಟರೆಂಬ ಕಾರಣಕ್ಕೆ ಸಂಶಯಕ್ಕೆ ಗುರಿಯಾದ ಹೈದರಾಬಾದಿನ ಗೆಳೆಯರ ತಂಡದ ಮೇಲೆ ಜನ ಬಿದ್ದರು. ಅವರಲ್ಲಿ ಒಬ್ಬ ಎಂಜಿನಿಯರ್ ಸತ್ತ. ಆ ತಿಂಗಳಲ್ಲಿಯೇ ವಾಟ್ಸ್‌ಆ್ಯಪ್ ಸಂಸ್ಥೆಯವರು, ಬೇರೆಯವರಿಂದ ಬಂದ ಸಂದೇಶಕ್ಕೆ ‘ಫಾರ್ವರ್ಡೆಡ್’ ಎಂಬ ಗುರುತನ್ನು ಅಂಟಿಸಿದರು. ಭಾರತದಲ್ಲಿ ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಕಟ್ಟು ಹಾಕುವುದಾಗಿಯೂ ಪ್ರಕಟಿಸಿದರು. ಅಂಥ ಕಾಲದಲ್ಲಿ ಪತ್ರಿಕೆಯೊಂದು ಸದುದ್ದೇಶದಿಂದ “ಊರಿಗೆ ಮಕ್ಕಳ ಕಳ್ಳರ ತಂಡ ಬಂದಿದೆ ಎಂಬುದು ವದಂತಿ” ಎಂದು ಬರೆದು, ಫೋನು ಅದರ ಕೊನೆಯ ಎರಡು ಶಬ್ದಗಳನ್ನು ನುಂಗಿತೆನ್ನಿ. ಬೆಂಕಿ ಆರಿಸಲು ಕಳಿಸಿದ ನೀರು ದಾರಿಯಲ್ಲಿ ಸೀಮೆಎಣ್ಣೆಯಾದ ಹಾಗಲ್ಲವೇ?

ಪರಿಹಾರ ದೂರದಲ್ಲಿಲ್ಲ, ನಮ್ಮ ವ್ಯಾಕರಣದಲ್ಲಿಯೇ ಇದೆ. ‘ರಾಮನು ರಾವಣನನ್ನು ಕೊಂದನು’ ಎಂಬುದನ್ನು ಹೇಗೆ ಹಿಂದುಮುಂದು ಮಾಡಿದರೂ ಸತ್ತವನು ರಾವಣನೇ. ವಿಭಕ್ತಿ ಪ್ರತ್ಯಯಗಳು ಶಬ್ದಗಳಿಗೆ ಅಂಟಿಕೊಂಡಿರುವುದರಿಂದ ಕನ್ನಡದಲ್ಲಿ ಪದಗಳನ್ನು ಸ್ಥಳಾಂತರಿಸುವ ಸ್ವಾತಂತ್ರ್ಯ ನಮಗೆ ಧಾರಾಳವಾಗಿದೆ. “ಇಂದು ಶಾಲೆ ಉಂಟು: ರಜೆಯ ಪತ್ರ ನಕಲಿ” ಎಂದು ಬರೆದಿದ್ದರೆ ಎಲ್ಲಿ ಕತ್ತರಿಸಿದರೂ ಅಪಾಯವಿರುತ್ತಿರಲಿಲ್ಲ. “ಸುಳ್ಳು ಸುದ್ದಿ:” ಎಂದೇ ಆರಂಭಿಸುವ ಪದ್ಧತಿಯೂ ಒಳ್ಳೆಯದು. “ವಿರೋಧ ಪಕ್ಷದ ಆರೋಪ:” ಎಂದು ಮೊದಲಿಟ್ಟು ಆಮೇಲೆ ಆರೋಪವನ್ನು ಹೇಳಬಹುದು. ಮೊಬೈಲಿಗೆ ತಲೆಬರಹ ಕೊಡುವ ಉಪಸಂಪಾದಕರು ಪ್ರತಿಯೊಂದನ್ನೂ ಕಳಿಸುವ ಮುನ್ನ ಹಿಂದಿನಿಂದ ಒಂದೊಂದೇ ಶಬ್ದವನ್ನು ಬೆರಳಿನಿಂದ ಮುಚ್ಚುತ್ತ ಬರಲಿ. ಯಾವ ಶಬ್ದದಲ್ಲಿ ನಿಂತರೂ ಉಳಿದದ್ದು ಸುಳ್ಳಾಗದಿದ್ದರೆ ಅದು ಸಾಧುವಾದ ತಲೆಬರಹ. ಅರ್ಧ ನಿಮಿಷದ ಕೆಲಸ.

ಅಕ್ಷರಗಳ ಲೆಕ್ಕದಲ್ಲಿಯೂ ನಮಗೆ ಸ್ವಲ್ಪ ನಷ್ಟವಿದೆ. ‘ಸ್ವಾತಂತ್ರ್ಯ’ ಎಂಬ ಪದವನ್ನು ಬರೆದು ನೋಡಿ. ಕಣ್ಣಿಗೆ ಕಾಣುವುದು ಮೂರು ಅಕ್ಷರ: ಸ್ವಾ, ತಂ, ತ್ರ್ಯ. ಯಂತ್ರದ ಲೆಕ್ಕದಲ್ಲಿ ಅದು ಹನ್ನೊಂದು. ವ್ಯಂಜನ, ಸ್ವರಚಿಹ್ನೆ, ಸೊನ್ನೆ, ಒತ್ತಕ್ಷರ ಕೂಡಿಸುವ ಹಲಂತ, ಎಲ್ಲಕ್ಕೂ ಬೇರೆ ಬೇರೆ ಸಂಖ್ಯೆಗಳುಂಟು. ಇಂಗ್ಲಿಷಿನ ಒಂದು ಎಸ್‌ಎಂಎಸ್ಸಿನಲ್ಲಿ 160 ಅಕ್ಷರಗಳು ಹಿಡಿಸಿದರೆ ಕನ್ನಡದಲ್ಲಿ ಹಿಡಿಸುವುದು ಇಂಥ 70 ಚೂರುಗಳು ಮಾತ್ರ. ಹಾಗೆಂದರೆ ಆರು ‘ಸ್ವಾತಂತ್ರ್ಯ’ಗಳಿಗೆ ಒಂದು ಸಂದೇಶ ಮುಗಿಯಿತು!

ಆದರೆ ಕನ್ನಡ ಅಕ್ಷರಗಳು ಫೋನಿನಲ್ಲಿ ಕಾಣಿಸಿಕೊಂಡದ್ದೇ ಒಂದು ಭಾಗ್ಯವೆಂದು ನೆನೆಯತಕ್ಕ ಹಿರಿಯ ಓದುಗರಿದ್ದಾರೆ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಖ್ಯಾಕ್ರಮವನ್ನು ಕೊಡುವ ಯೂನಿಕೋಡ್ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಸ್ಥಾನವಿತ್ತು. ಆದರೂ ನಮ್ಮ ಪತ್ರಿಕಾ ಕಚೇರಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದುದು ಒಂದೊಂದು ಕಂಪೆನಿಯ ಒಂದೊಂದು ಬಗೆಯ ಫಾಂಟುಗಳು. ಅಲ್ಲಿ ಬೆರಳಚ್ಚು ಮಾಡಿದ್ದು ಇನ್ನೊಂದು ಕಡೆ ತೆರೆದರೆ ಅರ್ಥವಿಲ್ಲದ ಗೀಚಾಗುತ್ತಿತ್ತು. ಫೋನುಗಳಲ್ಲಂತೂ ಕನ್ನಡವಿರಬೇಕಾದ ಕಡೆ ಸಾಲುಸಾಲಾಗಿ ಖಾಲಿ ಚೌಕಗಳು ಬಂದು ಕೂಡುತ್ತಿದ್ದವು. 2012ರಲ್ಲಿ ಆಂಡ್ರಾಯ್ಡ್‌ನ 4.1ನೆಯ ಆವೃತ್ತಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳನ್ನು ತನ್ನೊಳಗೆ ಸೇರಿಸಿಕೊಂಡ ಮೇಲೆ ಆ ಚೌಕಗಳು ಮೆಲ್ಲಮೆಲ್ಲನೆ ಕರಗಿದವು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಇಂಟರ್ನೆಟ್ಟಿನ ಬೆಲೆ ಇಳಿದ ಮೇಲೆ ಅಡುಗೆಮನೆಗೂ ಸುದ್ದಿ ಹರಿಯತೊಡಗಿತು.

ಬಂದದ್ದೇನೋ ಸರಿ, ಓದಲು ಹಿತವಾಗಿದೆಯೇ? ಇಂಗ್ಲಿಷ್ ಅಕ್ಷರ ಸಾಲಿನ ಮೇಲೆ ಕುಳಿತರೆ ಕನ್ನಡದ ಅಕ್ಷರ ಕಾಲನ್ನೂ ಕೆಳಗಿಳಿಬಿಟ್ಟು ಕೂಡುತ್ತದೆ. ‘ರಾಷ್ಟ್ರೀಯ’ದ ಒತ್ತುಗಳನ್ನೇ ನೋಡಿ. ಮೊಳೆ ಜೋಡಿಸುವ ಕಾಲದಲ್ಲಿಯೂ ಈ ಒತ್ತುಗಳಿಗಾಗಿ ಸಾಲುಗಳ ನಡುವೆ ಎಡೆ ಬಿಡಬೇಕಾಗುತ್ತಿತ್ತು. ಇಂಗ್ಲಿಷಿಗೆ ಹೊಲಿದ ಅಂಗಿಯನ್ನು ಕನ್ನಡಕ್ಕೆ ತೊಡಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ, ಎರಡೂ ಕಲಸಿಹೋಗುತ್ತವೆ. ಮುದ್ರಣದಲ್ಲಿ ಅಂದವಾಗಿ ಕಾಣುವ ಎರಡು ಅಂಚಿನ ಸಮತೆಯೂ ಇಲ್ಲಿ ಶೋಭಿಸದು. ನಮ್ಮ ಪದಗಳು ಉದ್ದ. ‘ಮುಖ್ಯಮಂತ್ರಿಯವರೊಂದಿಗಿನ’ ಎಂಬುದೊಂದೇ ಅರ್ಧ ಸಾಲನ್ನು ನುಂಗುತ್ತದೆ. ಆಗ ಬಲದ ಅಂಚಿಗೆ ತಲಪಲು ಉಳಿದ ಪದಗಳನ್ನು ಎಳೆದೆಳೆದು ಇಟ್ಟು, ಸಾಲು ಹಲ್ಲುದುರಿದ ಬಾಯಿಯಂತಾಗುತ್ತದೆ. ಎಡಕ್ಕೆ ಒತ್ತಿ, ಬಲಕ್ಕೆ ಹೇಗೆ ನಿಲ್ಲುವುದೋ ಹಾಗೆ ಬಿಡುವುದು ಲೇಸು. ಬಿಳಿಯ ಮೇಲೆ ತೆಳು ಬೂದುಬಣ್ಣದ ಅಕ್ಷರವನ್ನಿಡುವ ಹೊಸ ಚಾಳಿಯೊಂದಿದೆ. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅಂತರ ಕನಿಷ್ಠಪಕ್ಷ ನಾಲ್ಕೂವರೆಗೆ ಒಂದರಷ್ಟಿರಬೇಕೆಂದು ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಬಸ್ ನಿಲ್ದಾಣದ ಬಿಸಿಲಿನಲ್ಲಿ ನಿಂತವರಿಗೆ ಆ ಮಾರ್ಗಸೂಚಿಯನ್ನು ಓದದೆಯೇ ಅದರ ಸತ್ಯ ಗೊತ್ತಾಗುತ್ತದೆ.

ನೆರೆಮನೆಯ ಅಜ್ಜಿಯ ಫೋನನ್ನು ನಾನು ಆ ದಿನವೇ ಕೇಳಿ ತೆಗೆದುಕೊಂಡು ನೋಡಿದೆ. ಅಕ್ಷರಗಳನ್ನು ಮೊಮ್ಮಗಳು ಅತ್ಯಂತ ದೊಡ್ಡದಾಗಿ ಮಾಡಿಕೊಟ್ಟಿದ್ದಾಳೆ. ಬೆಳಗಿನ ಅದೇ ತಲೆಬರಹ ಅಲ್ಲಿ ನಿಂತಿದ್ದುದು “ಮಳೆ: ಜಿಲ್ಲೆಯ ಎಲ್ಲ ಶಾಲೆ…” ಎಂಬಲ್ಲಿಗೆ. ದೃಷ್ಟಿ ಮಂದವಾದವರು ಅಕ್ಷರವನ್ನು ಹಿಗ್ಗಿಸಿದಷ್ಟೂ ಅವರ ಪಾಲಿಗೆ ಸುದ್ದಿ ಕುಗ್ಗುತ್ತದೆ. ಈ ಪುಟಗಳನ್ನು ವಿನ್ಯಾಸಗೊಳಿಸುವವರು ಇಪ್ಪತ್ತೈದರ ತರುಣರು. ದೊಡ್ಡ ಪರದೆಯ ಮುಂದೆ ಕುಳಿತು, ಹದ್ದಿನಂಥ ಕಣ್ಣುಗಳಿಂದ ಸರಿನೋಡಿ ಒಪ್ಪುತ್ತಾರೆ. ಒಂದು ದಿನ ತಮ್ಮ ಅಜ್ಜಿಯ ಫೋನಿನಲ್ಲಿ ತಮ್ಮ ಪತ್ರಿಕೆಯನ್ನು ಓದಲಿ ಎಂಬುದಷ್ಟೇ ನನ್ನ ಅರಿಕೆ.

ಬೆರಳಿನ ವಿಷಯವಾಗಿಯೂ ಒಂದೆರಡು ಮಾತು ಹೇಳಬೇಕು. ಸ್ಟೀವನ್ ಹೂಬರ್ ಎಂಬ ಅಮೆರಿಕದ ವಿನ್ಯಾಸಕಾರರು ಬೀದಿಗಳಲ್ಲಿ, ಬಸ್ಸುಗಳಲ್ಲಿ, ನಿಲ್ದಾಣಗಳಲ್ಲಿ ಜನರು ಫೋನು ಹಿಡಿಯುವ ಬಗೆಯನ್ನು 1,333 ಸಲ ಗಮನಿಸಿ 2013ರಲ್ಲಿ ಪ್ರಕಟಿಸಿದರು. ಅವರು ಕಂಡಂತೆ, ಫೋನನ್ನು ಮುಟ್ಟಿ ಬಳಸುತ್ತಿದ್ದವರಲ್ಲಿ ನೂರಕ್ಕೆ 49 ಮಂದಿ ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಕೆಲಸ ಸಾಗಿಸುತ್ತಿದ್ದರು. ನಮ್ಮ ನಗರ ಸಾರಿಗೆಯ ಬಸ್ಸಿನಲ್ಲಿ ಮೇಲಿನ ಕಂಬಿಗೆ ಒಂದು ಕೈ ಕೊಟ್ಟು ನಿಂತವರಿಗೆ ಬೇರೆ ಉಪಾಯವೂ ಇಲ್ಲ. ಒತ್ತಬೇಕಾದ ಗುಂಡಿ ಸುಮಾರು 9 ಮಿಲಿಮೀಟರಿನಷ್ಟಾದರೂ ಇರಬೇಕು, ಹೆಬ್ಬೆರಳಿಗೆ ಎಟುಕುವಲ್ಲಿರಬೇಕು. ಸುದ್ದಿಯ ಮೇಲೆ ಬೆರಳಿಡುವ ಗಳಿಗೆಯಲ್ಲಿಯೇ ಎಲ್ಲಿಂದಲೋ ಜಾಹೀರಾತೊಂದು ಜಾರಿ ಬಂದು ಬೆರಳಿನಡಿಯಲ್ಲಿ ನಿಲ್ಲುವ ಚಮತ್ಕಾರವನ್ನು ವಾಚಕರೆಲ್ಲ ಅನುಭವಿಸಿಯೇ ಇರುತ್ತಾರೆ. ಜಾಹೀರಾತಿಗೆ ಮೊದಲೇ ಜಾಗ ಕಾದಿರಿಸಿಟ್ಟರೆ ಇದು ತಪ್ಪುತ್ತದೆ. ಕಾದಿರಿಸದವರ ಮನಸ್ಸಿನಲ್ಲಿ ಏನಿದೆಯೆಂಬುದನ್ನು ನಾನು ಬರೆಯಲಾರೆ.

ತೆರೆದು ಓದುವ ಪುಟದ ಮಾತು ಇಷ್ಟಿರಲಿ. ತೆರೆಯದೆ ಓದುವ ಆ ಒಂದೂವರೆ ಸಾಲು ಹೊರದೇಶಗಳಲ್ಲಿ ಘಟಾನುಘಟಿಗಳನ್ನೂ ಎಡವಿಸಿದೆ. 2018ರ ಜನವರಿ 16ರಂದು ಜಪಾನಿನ ರಾಷ್ಟ್ರೀಯ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ, ಉತ್ತರ ಕೊರಿಯಾ ಕ್ಷಿಪಣಿ ಹಾರಿಸಿದಂತಿದೆ ಎಂಬ ಸುದ್ದಿಯನ್ನು ತಪ್ಪಾಗಿ ಫೋನುಗಳಿಗೆ ಕಳಿಸಿಬಿಟ್ಟಿತು. ಮೂರು ದಿನಗಳ ಹಿಂದೆಯಷ್ಟೇ ಹವಾಯಿ ದ್ವೀಪಗಳಲ್ಲಿ ಸರ್ಕಾರದಿಂದಲೇ ಇಂಥದೇ ಸುಳ್ಳು ಎಚ್ಚರಿಕೆ ಹೋಗಿ, ಅದು ತಪ್ಪೆಂಬ ಎರಡನೆಯ ಸಂದೇಶ ಫೋನುಗಳಿಗೆ ತಲಪಲು 38 ನಿಮಿಷ ಹಿಡಿದಿತ್ತು. ಜಪಾನಿನವರು ಸುಮಾರು ಐದೇ ನಿಮಿಷಗಳಲ್ಲಿ ತಿದ್ದಿ ಕ್ಷಮೆ ಕೇಳಿದರು. 2024ರ ಡಿಸೆಂಬರ್‌ನಲ್ಲಿ ಆ್ಯಪಲ್ ಕಂಪೆನಿಯ ಫೋನು, ಬಿಬಿಸಿಯ ವಾರ್ತೆಗಳನ್ನು ತಾನೇ ಸಂಗ್ರಹಿಸಿ ಒಂದು ಸಾಲಾಗಿಸುವ ಉತ್ಸಾಹದಲ್ಲಿ, ಕೊಲೆಯ ಆಪಾದನೆಯ ಮೇಲೆ ಬಂಧನದಲ್ಲಿದ್ದ ಒಬ್ಬ ತರುಣ ತನಗೆ ತಾನೇ ಗುಂಡು ಹೊಡೆದುಕೊಂಡನೆಂದು ಸಾರಿತು. ಬಿಬಿಸಿ ಹಾಗೆ ಬರೆದೇ ಇರಲಿಲ್ಲ. ಹಾಗೆ ನಡೆದೂ ಇರಲಿಲ್ಲ. ಬಿಬಿಸಿ ದೂರು ಕೊಟ್ಟಿತು. 2025ರ ಜನವರಿಯಲ್ಲಿ ಆ್ಯಪಲ್ ಸುದ್ದಿಗಳ ಮಟ್ಟಿಗೆ ಆ ಸಂಗ್ರಹಕಾರ್ಯವನ್ನು ತಡೆಹಿಡಿಯಿತು. ಪತ್ರಿಕೆ ತಾನು ಬರೆದದ್ದಕ್ಕೆ ಮಾತ್ರವಲ್ಲ, ಫೋನು ತನ್ನ ಹೆಸರಿನಲ್ಲಿ ಆಡಿದ್ದಕ್ಕೂ ಓದುಗನೆದುರು ತಲೆತಗ್ಗಿಸಬೇಕಾದ ಕಾಲ ಇದು.

ಇಷ್ಟು ಚಿಕ್ಕ ಜಾಗಕ್ಕೆ ಸುದ್ದಿಯನ್ನೇ ಚಿಕ್ಕದಾಗಿಸಿದರೆ ಹೇಗೆಂದು ಯೋಚಿಸಿದವರೂ ಇದ್ದಾರೆ. ನಮ್ಮ ದೇಶದ ಇನ್‌ಶಾರ್ಟ್ಸ್ ಎಂಬ ಆ್ಯಪ್ ಪ್ರತಿಯೊಂದು ಸುದ್ದಿಯನ್ನೂ 60 ಪದಗಳಿಗೆ ಇಳಿಸುವುದರಿಂದಲೇ ಹೆಸರು ಪಡೆಯಿತು. ಕ್ರಿಕೆಟ್ ಪಂದ್ಯದ ಫಲಿತಾಂಶಕ್ಕೆ 60 ಪದ ಧಾರಾಳವಾಯಿತು. ಕಾವೇರಿ ನೀರಿನ ವಿವಾದಕ್ಕೆ ಅದು ಬೊಗಸೆ ನೀರು. ನನಗೆ ಹೆಚ್ಚು ಮೆಚ್ಚುಗೆಯಾದದ್ದು 2012ರಲ್ಲಿ ಅಮೆರಿಕದಲ್ಲಿ ಆರಂಭವಾದ ಸರ್ಕಾ ಎಂಬ ಆ್ಯಪ್ಪಿನ ಉಪಾಯ. ಒಂದು ಸುದ್ದಿಯನ್ನು ಓದುಗ ‘ಹಿಂಬಾಲಿಸುತ್ತೇನೆ’ ಎಂದು ಗುರುತು ಹಾಕಿದರೆ, ಅವನು ಆಗಲೇ ಓದಿದ್ದನ್ನು ಬಿಟ್ಟು ಅನಂತರ ನಡೆದದ್ದನ್ನು ಮಾತ್ರ ಅದು ಅವನಿಗೆ ತಿಳಿಸುತ್ತಿತ್ತು. ಹಣ ಒದಗದೆ 2015ರಲ್ಲಿ ಅದು ನಿಂತುಹೋಯಿತು. ಉಪಾಯ ಒಳ್ಳೆಯದಾಗಿದ್ದ ಮಾತ್ರಕ್ಕೆ ಕಂಪೆನಿ ಬದುಕಬೇಕೆಂದಿಲ್ಲವಷ್ಟೆ.

ಆದರೆ ಇದು ನಮಗೆ ಹೊಸದೇ? ವಾರಪತ್ರಿಕೆಯ ಧಾರಾವಾಹಿ ಓದುವವರಿಗೆ ಇದು ಚಿರಪರಿಚಿತ. ಪ್ರತಿ ಕಂತಿನ ತಲೆಯ ಮೇಲೆ ನಾಲ್ಕು ಸಾಲಿನ ‘ಇಲ್ಲಿಯವರೆಗೆ’ ಇರುತ್ತದೆ. ಒಂದು ವಾರ ತಪ್ಪಿದ ಓದುಗನೂ ಅದನ್ನು ಓದಿ ಕಥೆಯ ಓಟಕ್ಕೆ ಕೂಡಿಕೊಳ್ಳುತ್ತಾನೆ. ಫೋನಿನ ಓದುಗ ಒಂದು ಮೊಕದ್ದಮೆಯ ಸುದ್ದಿಯನ್ನು ಸೋಮವಾರ ಬಸ್ಸಿನಲ್ಲಿ ಕಂಡು, ಗುರುವಾರ ಬ್ಯಾಂಕಿನ ಸಾಲಿನಲ್ಲಿ ಅದರ ಮುಂದಿನ ಭಾಗವನ್ನು ಕಾಣುತ್ತಾನೆ. ಆರೋಪಿ ಯಾರು, ಫಿರ್ಯಾದಿ ಯಾರು ಎಂಬುದನ್ನು ಅಷ್ಟರೊಳಗೆ ಮರೆತಿರುತ್ತಾನೆ. ಅವನಿಗೆ ಬೇಕಾದದ್ದು ಈ ‘ಇಲ್ಲಿಯವರೆಗೆ’. ನಮ್ಮ ಸುದ್ದಿಯವರು ಧಾರಾವಾಹಿಯಿಂದ ಅದನ್ನು ಬಿಟ್ಟು, ಕಂತಿನ ಕೊನೆಯ ಕುತೂಹಲವನ್ನು ಮಾತ್ರ ಎರವಲು ತಂದರು. “ಮದುವೆಯ ಮಂಟಪದಲ್ಲಿ ವಧು ಮಾಡಿದ್ದೇನು ಗೊತ್ತೇ?” ಎಂದು ಕೇಳಿ ಬಾಗಿಲ ಬಳಿ ನಿಲ್ಲಿಸುವುದು ಕಥೆಗಾರನಿಗೆ ಒಪ್ಪುತ್ತದೆ; ಓದುಗ ಅದಕ್ಕೇ ಕಾಸು ಕೊಟ್ಟಿರುತ್ತಾನೆ. ಮಳೆಯ ರಜೆ, ಔಷಧಿಯ ಬೆಲೆ, ರೈಲಿನ ವೇಳೆಗಳನ್ನು ಹಾಗೆ ಒಗಟಾಗಿಸುವುದು ವಂಚನೆ.

ನೆರೆಮನೆಯವರಿಗೆ ಸುದ್ದಿ ಕಳಿಸುವ ಆ ಪತ್ರಿಕೆಗೆ ಹುಡುಗಿಯ ತಂದೆ ಒಂದು ಕಾಗದ ಬರೆದರು. ಉತ್ತರ ಬರಲಿಲ್ಲ. ಆದರೆ ಎರಡು ವಾರ ಕಳೆದು ಮತ್ತೆ ಜಡಿಮಳೆ ಹಿಡಿದ ಬೆಳಗ್ಗೆ ನಾನು ಪತ್ರಿಕೆ ಕೇಳಲೆಂದು ಅವರ ಮನೆಯ ಮೆಟ್ಟಿಲ ಮೇಲಿದ್ದಾಗ ಒಳಗೆ ಫೋನು ಟಿಣ್ಣೆಂದಿತು.

“ಇಂದು ರಜೆ: ಜಿಲ್ಲೆಯ ಎಲ್ಲ ಶಾಲೆಗಳಿಗೆ…” ಎಂದು ತಾಯಿ ಓದಿದರು.

ಈ ಸಲ ಹುಡುಗಿ ಹಾಸಿಗೆಗೆ ಹೋಗಲಿಲ್ಲ. ಸಮವಸ್ತ್ರ ತೊಟ್ಟು ಹೊಸಿಲ ಬಳಿ ನಿಂತಿದ್ದಳು, ಒಂದು ಕಾಲಿಗೆ ಮಾತ್ರ ಷೂ ಹಾಕಿ. ಒಳಗಿನ ಕೋಣೆಯಿಂದ ಅಜ್ಜಿಯ ಧ್ವನಿ ಕೇಳಿಸಿತು:

“ಕೈ ತೊಳೆದುಕೊಂಡು ಪೂರ್ತಿ ತೆಗೆದು ಓದೇ, ಕಡೆಯಲ್ಲಿ ಏನಿಟ್ಟಿದ್ದಾರೋ.”